ಬಾಲದ ಬೊಟ್ಟು, ಪಕ್ಕೆಯ ಬೊಟ್ಟು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗಳಿಗೆ ತಮ್ಮ ದಾರಿ ಆಗತಾನೇ ಗೊತ್ತಾಗುತ್ತಿತ್ತು. ಆಗ ದೊಡ್ಡ ಕಾಡೊಂದರ ನಡುವೆ ಕಷಾಯದ ಬಣ್ಣದ ಒಂದು ಹೊಳೆ ಹರಿಯುತ್ತಿತ್ತು.

ಅದರ ತಳದಲ್ಲಿ, ತರಗೆಲೆಗಳ ಕೆಳಗೆ, ಹೆಬ್ಬೆರಳಿಗಿಂತ ಚಿಕ್ಕ ಮೀನುಗಳಿದ್ದವು. ಎಲ್ಲವೂ ಬೂದಿ ಬಣ್ಣದವು. ಅವುಗಳಲ್ಲಿ ಚೆಲುವಿ ಅಕ್ಕ, ಈರಿ ತಂಗಿ. ಇಬ್ಬರಿಗೂ ಒಂದೇ ವಾರದಲ್ಲಿ ಮರಿಗಳಾದವು.

ಮರಿಗಳು ನೋಡಲು ಒಂದೇ ಥರ. ತಾಯಂದಿರ ಸನ್ನೆ ಮಾತ್ರ ಬೇರೆ. ಚೆಲುವಿ ರೆಕ್ಕೆ ಬಡಿದರೆ "ಅಡಗಿಕೊಳ್ಳಿ" ಎಂದರ್ಥ. ಈರಿ ರೆಕ್ಕೆ ಬಡಿದರೆ "ನನ್ನ ಹತ್ತಿರ ಬನ್ನಿ" ಎಂದರ್ಥ.

ಒಂದು ದಿನ ನೆರೆ ಬಂತು. ಮರಿಗಳು ಚೆಲ್ಲಾಪಿಲ್ಲಿಯಾದವು. ಈರಿ ದೂರ ಕೊಚ್ಚಿಹೋದಳು. ನೀರು ಇಳಿದ ಮೇಲೆ ಚೆಲುವಿ ಕಂಡ ಕಂಡ ಮರಿಗಳನ್ನೆಲ್ಲ ಒಟ್ಟುಗೂಡಿಸಿದಳು. ತನ್ನವು ಯಾವುವು, ತಂಗಿಯವು ಯಾವುವು, ತಿಳಿಯಲಿಲ್ಲ.

"ಇರಲಿ, ಎಲ್ಲವೂ ನಮ್ಮವೇ" ಎಂದುಕೊಂಡಳು.

ಮಧ್ಯಾಹ್ನ ಉದ್ದ ಮೂತಿಯ ದೊಡ್ಡ ಮೀನೊಂದು ಬಂತು. ಚೆಲುವಿ ರೆಕ್ಕೆ ಬಡಿದಳು. ಕೆಲವು ಮರಿಗಳು ಎಲೆಯಡಿ ಸೇರಿಕೊಂಡವು. ಕೆಲವು ಬಯಲು ನೀರಿಗೆ, ಅವಳ ಹತ್ತಿರಕ್ಕೇ, ಓಡೋಡಿ ಬಂದವು.

ದೊಡ್ಡ ಮೀನು ಬಾಯಿ ತೆರೆಯಿತು.

ಸಂಜೆ ಈರಿ ಬಂದು ರೆಕ್ಕೆ ಬಡಿದಳು. ಮೂರೇ ಮೂರು ಮರಿಗಳು ಹತ್ತಿರ ಬಂದವು. ಉಳಿದವೆಲ್ಲ ಅಡಗಿಕೊಂಡವು.

"ನನ್ನ ಮಕ್ಕಳೆಲ್ಲಿ, ಅಕ್ಕಾ?"

"ನಾನು ಅಡಗಿಕೊಳ್ಳಿ ಅಂದೆ, ಈರಿ. ಅವಕ್ಕೆ ಬನ್ನಿ ಅಂತ ಕೇಳಿಸಿತು."

"ನೀನು ಬೇಕೂಂತ ಮಾಡಲಿಲ್ಲ, ಗೊತ್ತು. ಆದರೂ ಈಗ ನಿನ್ನ ಮುಖ ನೋಡಲಾರೆ" ಎಂದು ಈರಿ ಆ ಮೂರು ಮರಿಗಳನ್ನು ಕರೆದುಕೊಂಡು ಹೊರಟುಹೋದಳು.

ಚೆಲುವಿ ಹೊಳೆಯನ್ನೇ ಬೇಡಿಕೊಂಡಳು. "ಹೊಳೆಯಮ್ಮಾ, ನಮ್ಮ ಮಕ್ಕಳಿಗೊಂದು ಗುರುತು ಕೊಡು."

"ಬಣ್ಣ ಕೊಡುತ್ತೇನೆ, ಮಗಳೇ. ಆದರೆ ನನ್ನ ನೀರು ಎಲ್ಲ ಕಡೆ ಒಂದೇ ಅಲ್ಲ. ಒಂದು ತೊರೆಯಲ್ಲಿ ನಿನ್ನ ಮಕ್ಕಳು ಕೆಂಪಾಗುತ್ತಾರೆ, ಇನ್ನೊಂದರಲ್ಲಿ ನೀಲಿ. ಹೆದರಿದರೆ ಯಾವ ಬಣ್ಣವೂ ನಿಲ್ಲುವುದಿಲ್ಲ."

"ಹಾಗಾದರೆ ಎಲ್ಲಿ ಹೋದರೂ ಬದಲಾಗದ್ದು ಒಂದು ಬೇಕು, ತಾಯೀ."

ಹೊಳೆ ಸಿಡಿಲಿಗೆ ಸುಟ್ಟ ಮರದ ಇದ್ದಿಲೊಂದನ್ನು ತೇಲಿಸಿ ತಂದಳು. ಚೆಲುವಿಯ ಮರಿಗಳ ಬಾಲದ ಬುಡಕ್ಕೆ ಕಪ್ಪು ಬೊಟ್ಟಿಟ್ಟಳು.

"ಈರಿಯ ಮಕ್ಕಳಿಗೆ?"

"ಅವಳೇ ಬರಬೇಕು."

"ಅವಳು ನಾನಿರುವಲ್ಲಿಗೆ ಬರುವುದಿಲ್ಲ."

"ಕಾಯೋಣ" ಎಂದಳು ಹೊಳೆ.

ಮೂರು ದಿನ ಹೊಳೆ ಇದ್ದಿಲು ಹಿಡಿದು ಕಾದಳು. ಚೆಲುವಿಯೂ ಊಟ ಬಿಟ್ಟು ಕಾದಳು. ನಾಲ್ಕನೆಯ ದಿನ ಈರಿ ತನ್ನ ಮೂರು ಮರಿಗಳೊಂದಿಗೆ ಬಂದಳು. ಅಕ್ಕನ ಜೊತೆ ಮಾತಾಡಲಿಲ್ಲ. ಆದರೆ ಬಂದು ಅವಳ ಪಕ್ಕದಲ್ಲೇ ನಿಂತಳು.

ಹೊಳೆ ಆ ಮೂರು ಮರಿಗಳ ಪಕ್ಕೆಗೆ ಮೆಲ್ಲಗೆ ಬೊಟ್ಟಿಟ್ಟಳು.

ಅದಕ್ಕೇ ಮಗೂ, ಗಾಜಿನ ತೊಟ್ಟಿಯಲ್ಲಿ ಇಂಥ ಪುಟ್ಟ ಮೀನುಗಳನ್ನು ಕಂಡಾಗ ಬಣ್ಣ ನೋಡಿ ಕುಲ ಹೇಳಬೇಡ: ಬಾಲದ ಬುಡದಲ್ಲಿ ಬೊಟ್ಟಿದ್ದರೆ ಕೆಂಪಾದರೂ ನೀಲಿಯಾದರೂ ಅವು ಚೆಲುವಿಯ ಮಕ್ಕಳು, ಪಕ್ಕೆಯಲ್ಲಿದ್ದರೆ ಅವೆಲ್ಲ ಅಂದು ಬದುಕುಳಿದ ಆ ಮೂರರ ಸಂತಾನ.