ಮೊದಲ ಹತ್ತು ಸೆಕೆಂಡು

ವಾಗ್ದೇವಿ ಹೊಳೆ ದಾಟಿ ಆಶ್ರಮಕ್ಕೆ ಬಂದಾಗ ಅವಳ ಹೆಗಲಲ್ಲಿ ಒಂದು ಚೀಲವಿತ್ತು. ಚೀಲದಲ್ಲಿ ಎರಡು ಸೀರೆ, ಒಂದು ಲ್ಯಾಪ್‌ಟಾಪ್, ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಮೈಕು.

ಗುರುಗಳು ಜಗಲಿಯಲ್ಲಿ ಕೂತು ಮೊರದಲ್ಲಿ ಹುಣಸೆಬೀಜ ಆರಿಸುತ್ತಿದ್ದರು. ಅವಳು ಕರೆದಳು. ಅವರು ತಲೆಯೆತ್ತಲಿಲ್ಲ. ಅವಳ ನೆರಳು ಮೊರದ ಮೇಲೆ ಬಿದ್ದ ಮೇಲೆ ನೋಡಿದರು.

“ಬಂದೆಯಾ. ಎದುರಿಗೆ ಕೂತು ಹೇಳು.”

ಇಪ್ಪತ್ತು ವರ್ಷದ ಹಿಂದೆಯೂ ಅವರು ಹೇಳುತ್ತಿದ್ದದ್ದು ಇದೇ ಮಾತು. ಸನ್ಯಾಸಕ್ಕೆ ಮೊದಲು ಅವರು ಹಡಗಿನಲ್ಲಿ ದುಡಿದವರು. ಪೋಕರ್ ಎಂಬ ಇಸ್ಪೀಟಾಟ ಅಲ್ಲಿ ಅಂಟಿಕೊಂಡಿತ್ತು. ಹಡಗು ಬಿಟ್ಟರು, ಹಣ ಕಟ್ಟಿ ಆಡುವುದನ್ನು ಬಿಟ್ಟರು, ಆಟ ಬಿಡಲಿಲ್ಲ. ಶಿಷ್ಯರ ಮುಂದೆ ಹಣದ ಬದಲು ಹುಣಸೆಬೀಜ ಸುರಿದು, ಎಲೆ ಹಂಚಿ, ಆಸೆ ಎಂದರೇನು, ಭಯ ಎಂದರೇನು ಎಂದು ಅದರಲ್ಲೇ ತೋರಿಸುತ್ತಿದ್ದರು. ಕೈಯಲ್ಲಿನ ಎಲೆ ನೋಡುವುದಕ್ಕೆ ಕಣ್ಣಿದ್ದರೆ ಸಾಕು, ಎದುರಿನವರ ಮುಖ ನೋಡುವುದು ವಿದ್ಯೆ ಎನ್ನುತ್ತಿದ್ದರು.

ಆ ವಿದ್ಯೆಯನ್ನೇ ವಾಗ್ದೇವಿ ಈಗ ವಿಡಿಯೋ ಮಾಡಿ ಕಲಿಸುತ್ತಿದ್ದಳು. ಒಂದು ಆನ್‌ಲೈನ್ ಶಾಲೆಯವರು ಅವಳ ಪಾಠ ಮೆಚ್ಚಿದ್ದರು, ದನಿಯನ್ನು ಮೆಚ್ಚಿರಲಿಲ್ಲ. ಒಂಬತ್ತು ಸಲ ಹಿಂದಕ್ಕೆ ಕಳಿಸಿದರು. ಬರುವ ಶನಿವಾರದೊಳಗೆ ಸರಿಯಾದ ಧ್ವನಿ ಬರದಿದ್ದರೆ ಪಾಠ ನಿಮ್ಮದೇ ಇರಲಿ, ಓದುವವರು ಬೇರೆಯವರಿರಲಿ ಎಂದು ಬರೆದಿದ್ದರು. ಅಂದು ಬುಧವಾರ.

“ನೀವು ಹೇಳಿಕೊಟ್ಟಿದ್ದನ್ನ ಇನ್ಯಾರೋ ಓದ್ತಾರೆ ಗುರುಗಳೇ,” ಎಂದಳು. “ಒಂದು ಹುಣಸೆಬೀಜಾನೂ ಸೋತು ಗೊತ್ತಿಲ್ಲದವರು.”

ಗುರುಗಳು ಅವಳ ತುಟಿಯನ್ನೇ ನೋಡುತ್ತಿದ್ದರು.

“ಹೆಸರು ವಾಗ್ದೇವಿ,” ಎಂದರು. “ಇಟ್ಟವರಿಗೆ ಮುಂದಿನದು ಹೇಗೆ ಗೊತ್ತಿರಬೇಕು.”

ಬಾಗಿಲಲ್ಲಿ ನಿಂತಿದ್ದ ಸಣ್ಣಮ್ಮ ನಕ್ಕಳು. ಆಶ್ರಮದ ಅಡುಗೆ ಮೂವತ್ತು ವರ್ಷದಿಂದ ಅವಳದೇ. ಇಸ್ಪೀಟು ಮಾತ್ರ ಅವಳಿಗೆ ಇಂದಿಗೂ ತಿಳಿಯದು, ತಿಳಿಯಬೇಕೆಂದೂ ಇಲ್ಲ.

ಊಟದ ನಂತರ ವಾಗ್ದೇವಿ ಒಂಬತ್ತನೆಯ ಸಲ ತಿರುಗಿ ಬಂದಿದ್ದ ಪಾಠವನ್ನು ತೆಗೆದು ಹೆಡ್‌ಫೋನನ್ನು ಗುರುಗಳ ಕೈಗೆ ಕೊಟ್ಟಳು. ಅವರು ಅದನ್ನು ತಿರುಗಿಸಿ ನೋಡಿ ಸಣ್ಣಮ್ಮನ ತಲೆಗೆ ಹಾಕಿದರು.

ನೀವೇ ಕೇಳಬೇಕು ಎಂದು ವಾಗ್ದೇವಿ ಬೇಡಿಕೊಂಡಳು.

“ಸಾರಿನ ರುಚಿ ಭಟ್ಟರನ್ನು ಕೇಳಬಾರದು. ಉಂಡವರನ್ನು ಕೇಳಬೇಕು.”

ಸಣ್ಣಮ್ಮ ಕೇಳಿದಳು. ಗುರುಗಳು ಅವಳೆದುರು ಕೂತು ಅವಳ ಮುಖವನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಸಣ್ಣಮ್ಮ ಕತ್ತು ಮುಂದೆ ಚಾಚಿ, ಯಾರೋ ಬಾವಿಯಲ್ಲಿ ಬಿದ್ದು ಕೂಗಿದ ಹಾಗಿದೆ ಎಂದಳು.

ಗುರುಗಳು ಎದ್ದು ಉಗ್ರಾಣದ ಬಾಗಿಲು ತೆರೆದರು. ಸುತ್ತಲೂ ಅಕ್ಕಿ ಮೂಟೆ. ನೆಲಕ್ಕೆ ಕಂಬಳಿ ಹಾಸಿ, ಕಿಟಕಿಗೂ ಒಂದು ಕಂಬಳಿ ಇಳಿಬಿಟ್ಟರು. ಒಳಗೆ ನಿಂತು ವಾಗ್ದೇವಿ ಕೆಮ್ಮಿದಳು. ಕೆಮ್ಮು ಗೋಡೆಗೆ ಬಡಿದು ತಿರುಗಿ ಬರಲಿಲ್ಲ. ಊರಿನ ಅವಳ ಕೋಣೆಯಲ್ಲಿ ಬರಿಯ ಗೋಡೆ, ಗಾಜಿನ ಮೇಜು, ಉಕ್ಕಿನ ಬೀರು. ದುಬಾರಿ ಮೈಕು ಕೊಂಡವಳಿಗೆ ಕೋಣೆಯೂ ಮಾತಾಡುತ್ತದೆ ಎನ್ನುವುದು ಹೊಳೆದಿರಲಿಲ್ಲ.

ಗುರುವಾರ ಬೆಳಿಗ್ಗೆ ಅಲ್ಲಿ ಕೂತು ಓದಿದಳು. ಸಣ್ಣಮ್ಮ ಕೇಳಿದಳು. ಪೋಕರ್ ಎನ್ನುವಲ್ಲೆಲ್ಲ, ಉಸಿರು ಕಿವಿಗೆ ಗುದ್ದಿದ ಹಾಗೆ, ಅವಳ ಹುಬ್ಬು ಗಂಟಿಕ್ಕುತ್ತಿತ್ತು.

ಗುರುಗಳು ದೇವರ ಮನೆಯಿಂದ ಹಚ್ಚಿದ ದೀಪ ತಂದು ವಾಗ್ದೇವಿಯ ಬಾಯಿಗೆ ಒಂದು ಗೇಣು ದೂರ ಹಿಡಿದರು.

“ನಿನ್ನ ಆಟದ ಹೆಸರು ಹೇಳು.”

“ಪೋಕರ್.”

ದೀಪ ಆರಿತು.

ಮತ್ತೆ ಹಚ್ಚಿದರು. ಮತ್ತೆ ಹೇಳಿದಳು, ಮತ್ತೆ ಆರಿತು. ಏಳನೆಯ ಸಲಕ್ಕೆ ಸಣ್ಣಮ್ಮ, “ಎಣ್ಣೆ ಮುಗೀತದೆ ತಂಗಿ, ನಿನ್ನ ಪಾಠ ಮುಗಿಯೂದಿಲ್ಲ,” ಎಂದಳು.

ಮೆಲ್ಲಗೆ ಹೇಳಲೇ ಎಂದು ವಾಗ್ದೇವಿ ಕೇಳಿದಳು.

“ದನಿ ಯಾಕೆ ಕುಗ್ಗಿಸುತ್ತೀ? ದೀಪ ಇದ್ದಲ್ಲೇ ಇರಲಿ. ನೀನು ಅದರ ಪಕ್ಕಕ್ಕೆ ಮಾತಾಡು.”

ಮುಖವನ್ನು ಕೊಂಚ ಓರೆ ಮಾಡಿ ಹೇಳಿದಳು. ದೀಪ ಬಳುಕಿತು, ಆರಲಿಲ್ಲ. ದೀಪವಿದ್ದ ಜಾಗದಲ್ಲಿ ಮೈಕು ಇಟ್ಟರು. ಈ ಸಲ ಸಣ್ಣಮ್ಮನ ಹುಬ್ಬು ಗಂಟಿಕ್ಕಲಿಲ್ಲ. ಆದರೆ ಮೈಕಿನ ಮುಂದೆ ವಾಗ್ದೇವಿ ಕೈಯಾಡಿಸಿ ಹೇಳಿದ್ದ ಜಾಗ ಬಂದಾಗಲೆಲ್ಲ ಸಣ್ಣಮ್ಮನ ಕಣ್ಣು ವಾಗ್ದೇವಿಯ ಮುಂಗೈಗೆ ಹೋಗಿ ಬರುತ್ತಿತ್ತು.

ಗುರುಗಳು ಬಳೆಗಳನ್ನು ತೋರಿಸಿದರು. ವಾಗ್ದೇವಿ ತೆಗೆಯಲು ಹೋದಳು. ಮುತ್ತೈದೆ ಗಾಜಿನ ಬಳೆ ಬಿಚ್ಚಿ ಬರಿಗೈಯಲ್ಲಿ ಕೂರುವುದೆಂದರೇನು ಎಂದು ಸಣ್ಣಮ್ಮ ಗದರಿಸಿದಳು. ಗುರುಗಳು ಇಬ್ಬರನ್ನೂ ನೋಡಿದರು. ಹೆಗಲ ಮೇಲಿನ ಪಂಚೆಯ ಅಂಚು ಹರಿದು, ಗಾಯಕ್ಕೆ ಪಟ್ಟಿ ಕಟ್ಟುವವರ ಹಾಗೆ ಬಳೆಗಳಿಗೆ ಸುತ್ತಿ ಗಂಟು ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಒಂದು ಕಸರೂ ಇಲ್ಲದ ಧ್ವನಿಮುದ್ರಣ ಬಂತು. ಗೋಡೆಯ ಸದ್ದಿಲ್ಲ, ಉಸಿರಿನ ಸದ್ದಿಲ್ಲ, ಬಳೆಯ ಸದ್ದಿಲ್ಲ. ವಾಗ್ದೇವಿಗೆ ಗೆದ್ದೆ ಅನ್ನಿಸಿತು.

ಹೆಡ್‌ಫೋನ್ ಹಾಕಿಕೊಂಡ ಸಣ್ಣಮ್ಮ ಅಕ್ಕಿ ಮೂಟೆಗೆ ಒರಗಿ ನಿದ್ದೆ ಹೋದಳು.

“ಯಾರಿಗೆ ಹೇಳಿದೆ ಇಷ್ಟು ಹೊತ್ತು?” ಗುರುಗಳು ಕೇಳಿದರು.

“ಎಲ್ಲರಿಗೂ.”

“ಎಲ್ಲರೂ ಎಲ್ಲಿ ಕೂತಿದ್ದರು?”

ವಾಗ್ದೇವಿ ಮೈಕಿನ ಆಚೆ ನೋಡಿದಳು. ಖಾಲಿ ಕಂಬಳಿ. ಉಳಿದದ್ದು ಒಂದೇ ದಿನ. ಇನ್ನೊಬ್ಬರ ನುಣುಪಾದ ದನಿ ತನ್ನ ಪಾಠವನ್ನು ಓದುವುದು ಆಗಲೇ ಕಿವಿಯಲ್ಲಿ ಕೇಳಿಸಿದಂತಾಯಿತು. ಹೊಳೆಯ ಮೆಟ್ಟಿಲಿಗೆ ಹೋಗಿ ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತಳು. ಗುರುಗಳು ಕರೆಯಲು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಉಗ್ರಾಣಕ್ಕೆ ಹೋದರೆ ಮೈಕಿನ ಆಚೆ ಬದಿ ಮಣೆ ಹಾಕಿ ಸಣ್ಣಮ್ಮನನ್ನು ಕೂರಿಸಿದ್ದರು. ಅವಳ ತೊಡೆಯ ಮೇಲೆ ಹುರುಳಿಕಾಯಿಯ ಮೊರ.

“ಇವಳಿಗೆ ಹೇಳು,” ಎಂದು ಗುರುಗಳು ತಾವೂ ಪಕ್ಕದಲ್ಲಿ ಕೂತರು.

ಅಂದಿನ ಪಾಠ, ಆಟ ಬಿಡಬೇಕಾದದ್ದು ಯಾವಾಗ ಎನ್ನುವುದು. ಎಲೆ ಚೆನ್ನಾಗಿಲ್ಲದಿದ್ದರೆ ಫೋಲ್ಡ್ ಮಾಡಬೇಕು ಎಂದು ವಾಗ್ದೇವಿ ಶುರು ಮಾಡಿದಳು.

ಹಾಗೆಂದರೇನು ಎಂದು ಸಣ್ಣಮ್ಮ ಕೇಳಿದಳು.

“ಎಲೆ ಮಡಚೋದು ಸಣ್ಣಮ್ಮಕ್ಕ.”

ಸಣ್ಣಮ್ಮನ ಕೈಯಲ್ಲಿ ಹುರುಳಿಕಾಯಿ ನಿಂತಿತು. “ಎಲ್ಲರೂ ಉಣ್ತಾ ಇರುವಾಗ ಒಬ್ಬರೇ ಎಲೆ ಮಡಚಿ ಏಳೂದಾ? ಬಡಿಸಿದವರು ಏನು ತಿಳ್ಕೊಳ್ಳಬೇಕು?”

ಇದು ಬಾಳೆ ಎಲೆಯಲ್ಲ, ಇಸ್ಪೀಟಿನ ಎಲೆ ಎಂದು ವಾಗ್ದೇವಿ ನಗುತ್ತಾ ಹೇಳಿದಳು.

“ಯಾವ ಎಲೆಯಾದರೇನು. ಯಾವ ಕಡೆಗೆ ಮಡಚೋದು ಅದನ್ನು ಹೇಳು. ನಿನ್ನ ಕಡೆಗೋ, ಆಚೆ ಕಡೆಗೋ?”

ಮದುವೆ ಊಟದಲ್ಲಿ ಎಲೆಯನ್ನು ತಮ್ಮ ಕಡೆಗೆ ಮಡಚುತ್ತಾರೆ. ತೃಪ್ತಿಯಾಯಿತು, ಇಂಥ ಊಟ ಇನ್ನೊಮ್ಮೆ ಬರಲಿ ಎಂದು. ಸಾವಿನ ಮನೆಯ ಊಟದಲ್ಲಿ ಆಚೆಗೆ ಮಡಚುತ್ತಾರೆ. ಆಟದಲ್ಲಿ ಎಲೆ ಚೆನ್ನಾಗಿ ಬೀಳಲಿಲ್ಲವೆಂದು ಸಿಡುಕಿ ಎಸೆಯುವವರನ್ನು ವಾಗ್ದೇವಿ ಎಷ್ಟೋ ನೋಡಿದ್ದಳು. ಹದಿನೆಂಟರ ವಯಸ್ಸಿನಲ್ಲಿ ತಾನೂ ಈ ಜಗಲಿಯಲ್ಲೇ ಎಸೆದಿದ್ದಳು. ಆಗ ಗುರುಗಳು ಒಂದೂ ಮಾತಾಡದೆ ಎಲೆಗಳನ್ನು ಹೆಕ್ಕಿ, ಧೂಳು ಒರೆಸಿ, ಮತ್ತೆ ಅವಳಿಗೇ ಹಂಚಿದ್ದರು.

“ನಮ್ಮ ಕಡೆಗೆ, ಸಣ್ಣಮ್ಮಕ್ಕ,” ಎಂದಳು. “ಈ ಸಲ ಬಡಿಸಿದ್ದು ಇಷ್ಟು, ಸಂತೋಷ. ಇನ್ನೊಂದು ಪಂಕ್ತಿಗೆ ಕೂರುತ್ತೇನೆ ಅಂತ ಹೇಳಿ ಮಡಚೋದು.”

“ಹಾಗಾದರೆ ಇದು ಒಳ್ಳೆಯ ಮನೆಯವರ ಆಟವೇ,” ಎಂದು ಸಣ್ಣಮ್ಮ ಹುರುಳಿಕಾಯಿ ಮುರಿಯತೊಡಗಿದಳು.

ಗುರುಗಳು ಸಣ್ಣಮ್ಮನ ಮುಖ ನೋಡಿದರು. ಕಣ್ಣು ಅರಳಿತ್ತು, ನಿದ್ದೆಯ ಸುಳಿವಿರಲಿಲ್ಲ. ಅವರು ಅವಳ ಮಡಿಲ ಮೊರವನ್ನು ಎತ್ತಿ ಆಚೆ ಇಟ್ಟು, ಇನ್ನು ಶುರು ಮಾಡು ಎಂದು ಸನ್ನೆ ಮಾಡಿದರು.

ವಾಗ್ದೇವಿ ಮುದ್ರಣದ ಗುಂಡಿ ಒತ್ತಿದಳು.

ಶಾಲೆಯವರದೊಂದು ನಿಯಮವಿತ್ತು. ಮೊದಲ ಹತ್ತು ಸೆಕೆಂಡು ಸುಮ್ಮನಿರಬೇಕು. ಆ ಖಾಲಿ ಹೊತ್ತಿನಲ್ಲಿ ಕೋಣೆಯ ಸದ್ದನ್ನು ಯಂತ್ರ ಗುರುತು ಹಿಡಿಯುತ್ತದೆ, ಆಮೇಲೆ ಇಡೀ ಪಾಠದಿಂದ ಅದನ್ನು ಸೋಸಿ ತೆಗೆಯುತ್ತದೆ. ವಾಗ್ದೇವಿಗೆ ಒಮ್ಮೆಯೂ ಅಷ್ಟು ತಾಳ್ಮೆ ಇದ್ದದ್ದಿಲ್ಲ. ಮೂರಕ್ಕೋ ನಾಲ್ಕಕ್ಕೋ ಗಂಟಲು ಸರಿಮಾಡಿ ಮಾತು ಹಚ್ಚಿಬಿಡುತ್ತಿದ್ದಳು.

ಅಂದು ಕಣ್ಣೆತ್ತಿದರೆ ಎದುರಿಗೆ ಗುರುಗಳು. ಹೆಗಲ ಪಂಚೆಯ ಅಂಚು ಹರಿದಿತ್ತು. ಹರಿದ ಆ ತುಂಡು ಅವಳ ಮುಂಗೈಯಲ್ಲಿತ್ತು. ಎಸೆದ ಎಲೆಗಳನ್ನು ಹೆಕ್ಕಿ ಒರೆಸಿದ ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯರಿಗೆ ತಾನು ಉಪಕಾರ ನೆನೆದು ಒಂದು ಮಾತಾದರೂ ಹೇಳಿದ್ದುಂಟೇ ಎಂದು ಅವಳಿಗೆ ಅನ್ನಿಸಿತು. ಕಣ್ಣು ತುಂಬಿತು. ಗುರುಗಳು ಅವಳನ್ನೇ ನೋಡುತ್ತಿದ್ದರು.

ಹತ್ತು ಸೆಕೆಂಡು ಮುಗಿದದ್ದು ಅವಳಿಗೆ ಗೊತ್ತಾಗಲಿಲ್ಲ. ಹನ್ನೆರಡಾಗಿರಬೇಕು. ಆಮೇಲೆ ದೀಪ ಆರದ ಹಾಗೆ, ಎದುರಿಗೆ ಕೂತ ಒಬ್ಬಳಿಗೆ ಹೇಳುವ ಹಾಗೆ, ಪಾಠ ಹೇಳಿದಳು. ಕೊನೆಯಲ್ಲಿ, ತಲೆ ತಗ್ಗಿಸಿದಾಗ, ಬರೆದುಕೊಂಡಿರದ ಎರಡು ಮಾತು ತಾವಾಗಿ ಬಂದವು. ಈ ಆಟವನ್ನು ನನಗೆ ಹುಣಸೆಬೀಜದಲ್ಲಿ ಕಲಿಸಿದವರೊಬ್ಬರಿದ್ದಾರೆ. ನನ್ನ ದನಿಯಲ್ಲಿ ನಿಮಗೆ ಒಳ್ಳೆಯದು ಏನಾದರೂ ಕೇಳಿಸಿದ್ದರೆ ಅದು ಅವರದು.

ಗುಂಡಿ ಒತ್ತಿ ನಿಲ್ಲಿಸಿದಾಗ ಸಣ್ಣಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು. ಉಗ್ರಾಣದ ಧೂಳು ಎಂದಳು.

ಶನಿವಾರ ಬೆಳಿಗ್ಗೆ ಕಳಿಸಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಉತ್ತರ ಬಂತು. ದನಿ ನಿಮ್ಮದೇ ಇರಲಿ, ಬೇರೆ ಯಾರೂ ಬೇಡ, ಉಳಿದ ಪಾಠಗಳನ್ನೂ ಹೀಗೇ ಮಾಡಿ ಕಳಿಸಿ ಎಂದು ಬರೆದಿದ್ದರು.

ಸಣ್ಣಮ್ಮ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದಳು. ವಾಗ್ದೇವಿ ಉಂಡು, ಎಲೆಯನ್ನು ತನ್ನ ಕಡೆಗೆ ಮಡಚಿ ಎದ್ದಳು.

ಕೈತೊಳೆದು ನೇರ ಜಗಲಿಗೆ ಬಂದಳು. ಇಂದಾದರೂ ನೀವು ಕೇಳಲೇಬೇಕು ಎಂದು ಹಟ ಹಿಡಿದಳು. ಗುರುಗಳು ಬೇಡವೆನ್ನಲಿಲ್ಲ. ಅವಳೇ ಹೆಡ್‌ಫೋನನ್ನು ಅವರ ತಲೆಗಿಟ್ಟು ಪಾಠ ಹಾಕಿದಳು. ಗುರುಗಳು ಕಣ್ಣು ಮುಚ್ಚಿದರು. ಮೆಲ್ಲಗೆ ತಲೆದೂಗಿದರು. ಮುಖದಲ್ಲಿ ಸಣ್ಣ ನಗು.

ವಾಗ್ದೇವಿ ಸಂತೋಷದಿಂದ ನೋಡುತ್ತಾ ನಿಂತಳು. ಆಮೇಲೆ ನೆಲದ ಮೇಲೆ ಏನೋ ಹೊಳೆದಂತಾಯಿತು. ಹೆಡ್‌ಫೋನಿನ ವೈರಿನ ತುದಿ. ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವುದನ್ನೇ ಅವಳು ಮರೆತಿದ್ದಳು. ಲ್ಯಾಪ್‌ಟಾಪಿನ ದನಿ ಸೊನ್ನೆಯಲ್ಲಿತ್ತು.

ಗುರುಗಳು ಇನ್ನೂ ತಲೆದೂಗುತ್ತಿದ್ದರು.

“ಗುರುಗಳೇ,” ಎಂದಳು. ಅವರು ಕಣ್ಣು ತೆರೆಯಲಿಲ್ಲ. ಜೋರಾಗಿ ಕರೆದಳು. ತೆರೆಯಲಿಲ್ಲ.

ಮೊಣಕಾಲೂರಿ ಎದುರಿಗೆ ಕೂತು ಅವರ ಕೈ ಮುಟ್ಟಿದಳು. ಆಗ ಕಣ್ಣು ತೆರೆದರು. ಅವಳ ಕೈಯಲ್ಲಿದ್ದ ವೈರಿನ ತುದಿಯನ್ನು ನೋಡಿದರು.

“ಸಿಕ್ಕಿಬಿದ್ದೆ,” ಎಂದರು.

“ಎಷ್ಟು ದಿನದಿಂದ?”

“ಎರಡು ವರ್ಷವಾಯಿತು. ಒಂದು ದಿನ ಬೆಳಿಗ್ಗೆ ಹೊಳೆ ನಿಂತುಹೋಯಿತು ಅಂದುಕೊಂಡೆ. ಹೋಗಿ ನೋಡಿದರೆ ಹರಿಯುತ್ತಲೇ ಇತ್ತು.”

ಬಾವಿಯ ಮಾತು, ದೀಪ, ಬಳೆ, ಮೊರ ಎಲ್ಲವೂ ಒಂದೊಂದಾಗಿ ವಾಗ್ದೇವಿಯ ಕಣ್ಣ ಮುಂದೆ ಬಂದವು. ಮತ್ತೆ ಹೇಗೆ ತಿದ್ದಿದಿರಿ ಎಂದು ಕೇಳಿದಳು.

“ಸಣ್ಣಮ್ಮನ ಮುಖವಿತ್ತಲ್ಲ. ಎದುರಿಗೆ ಕೂತವರನ್ನು ನೋಡು ಅಂತ ನಿನಗೆ ಕಲಿಸಿದವನು ನಾನೇ ತಾನೆ.”

ಅವಳು ಅವರ ಪಾದಕ್ಕೆ ಹಣೆ ಹಚ್ಚಿದಳು. ಅಲ್ಲಿಂದಲೇ ಏನೋ ಹೇಳಿದಳು. ಮುಖ ಕಾಣದೆ ಗುರುಗಳಿಗೆ ತಿಳಿಯಲಿಲ್ಲ. ಗಲ್ಲ ಹಿಡಿದು ಮೇಲೆತ್ತಿದರು.

“ಪಾಠದ ಕೊನೆಗೆ ನಿಮ್ಮ ಬಗ್ಗೆ ಎರಡು ಮಾತು ಹೇಳಿದ್ದೆ,” ಎಂದಳು ವಾಗ್ದೇವಿ. “ಊರಿಗೆಲ್ಲ ಕೇಳಿಸುತ್ತೆ. ನಿಮಗೇ ಕೇಳಿಸಲಿಲ್ಲ.”

ಗುರುಗಳು ಹೆಡ್‌ಫೋನ್ ತೆಗೆದು, ಜೋಪಾನವಾಗಿ ಅವಳ ಮಡಿಲಲ್ಲಿಟ್ಟರು.

“ಮೊದಲಿಗೆ ಹತ್ತು ಸೆಕೆಂಡು ಸುಮ್ಮನೆ ಕೂತಿದ್ದೆಯಲ್ಲ ಮಗಳೇ, ಅಷ್ಟು ನನಗೆ ಒಂದಕ್ಷರವೂ ಬಿಡದೆ ಕೇಳಿಸಿತು.”