ಹಂದರದ ಬಂಡೆ

ಗುಂಡಲಹಾಳದ ಉತ್ತರಕ್ಕೆ ಹಳ್ಳ ದಾಟಿದೊಡನೆ ಒಂದು ಬೋಳು ಬಂಡೆ ಎದುರಾಗುತ್ತದೆ. ಹುಲ್ಲುಕಡ್ಡಿಯೂ ಹುಟ್ಟದ ಈ ಕರಿಕಲ್ಲಿನ ಹಾಸನ್ನು ಊರವರು ಹಂದರದ ಬಂಡೆ ಎನ್ನುತ್ತಾರೆ. ಹಂದರ, ಅಂದರೆ ಚಪ್ಪರ, ಅಲ್ಲಿ ಎಲ್ಲೂ ಇಲ್ಲ. ಶಿವಪಾರ್ವತಿಯರ ಮದುವೆಯ ಹಂದರವನ್ನು ಇಲ್ಲೇ ಹಾಕಿದ್ದರೆಂದು ಹೇಳಿ, ಹೊಸದಾಗಿ ಮದುವೆಯಾದವರನ್ನು ಕರೆತಂದು ಅಕ್ಷತೆ ಹಾಕುವ ರೂಢಿ ಈಗ ಬೆಳೆದಿದೆ. ಈ ಮದುವೆಯ ಕಥೆಯನ್ನು ಹಬ್ಬಿಸಿದ್ದು ದೇಸಾಯರ ಮನೆತನ. ನಿಜವಾದ ಕಥೆಯನ್ನು ನನಗೆ ಹೇಳಿದವಳು ನನ್ನ ಸೋದರತ್ತೆ. ಹೇಳುವಾಗಲೆಲ್ಲ ಆಕೆ ಪಕ್ಕಕ್ಕೆ ತಿರುಗಿ ಉಗುಳುತ್ತಿದ್ದಳು. ಬರೆಯುವ ನನಗೂ ಬಾಯಿ ಕಹಿಯಾಗುತ್ತಿದೆ.

ಹಿಂದೆ ಒಮ್ಮೆ, ಕೋರ್ಟು ಕಚೇರಿಗಳು ಈ ಸೀಮೆಗೆ ಬರುವ ಎಷ್ಟೋ ಮೊದಲು, ಸಾಕ್ಷಿಯಿಲ್ಲದ ವ್ಯಾಜ್ಯಗಳನ್ನು ಪಂಚರು ಈ ಬಂಡೆಯ ಮೇಲೆ ತೀರಿಸುತ್ತಿದ್ದರಂತೆ. ದೂರು ಕೊಟ್ಟವರೂ ದೂರು ಹೊತ್ತವರೂ ಬೇಸಿಗೆಯ ನಡುಮಧ್ಯಾಹ್ನ ಬರಿಗಾಲಲ್ಲಿ ಅಕ್ಕಪಕ್ಕ ನಿಲ್ಲಬೇಕು. ದನ ಮನೆಗೆ ತಿರುಗುವ ಹೊತ್ತಿನವರೆಗೆ ಇಟ್ಟ ಹೆಜ್ಜೆ ಕೀಳುವಂತಿಲ್ಲ. ಮೊದಲು ಕಾಲು ಕಿತ್ತವರು ಸುಳ್ಳರು. ಸುಳ್ಳರನ್ನು ಮಾತ್ರ ಬಂಡೆ ಸುಡುತ್ತದೆ ಎಂದು ನಂಬಿಕೆ. ಅದು ಎಲ್ಲರನ್ನೂ ಸುಡುತ್ತಿತ್ತು ಅನ್ನಿ. ಆದರೆ ಸುಡುವಾಗ ಇವನು ಕೂಲಿಯವನು, ಇವನು ಧಣಿ ಎಂದು ಅದು ನೋಡುತ್ತಿರಲಿಲ್ಲ. ಬಡವರಿಗೆ ಅಷ್ಟೇ ಸಮಾಧಾನವಾಗಿತ್ತು.

ಆ ಕಾಲದಲ್ಲಿ ಊರನ್ನು ಆಳುತ್ತಿದ್ದವನು ರಾಚಪ್ಪ ದೇಸಾಯಿ. ಅವನ ಕಣದಲ್ಲಿ ದುಡಿಯುತ್ತಿದ್ದ ಭರಮಪ್ಪ ಎಂಬವನು ಒಂದು ಮುಂಜಾನೆ ಬಣವೆಯ ಬುಡದಲ್ಲಿ ಹೆಣವಾಗಿ ಸಿಕ್ಕಿದ. ಮೈತುಂಬ ಬಾಸುಂಡೆ. ಜೋಳ ಕದ್ದು ಓಡುವಾಗ ಬಿದ್ದು ಸತ್ತನೆಂದು ದೇಸಾಯಿ ಹೇಳಿದ. ಕೂಲಿ ಕೇಳಲು ಹೋದ ಗಂಡನನ್ನು ದೇಸಾಯಿಯೇ ಬಡಿದು ಕೊಂದನೆಂದು ಭರಮಪ್ಪನ ಹೆಂಡತಿ ಸಾಬವ್ವ ಪಂಚರ ಮುಂದೆ ಸೆರಗೊಡ್ಡಿದಳು. ಕಂಡವರಿದ್ದರೂ ಬಾಯಿಬಿಡುವವರಿರಲಿಲ್ಲ. ಕೊನೆಗೆ ಇಬ್ಬರೂ ಬಂಡೆ ಹತ್ತಬೇಕೆಂದು ನಿಶ್ಚಯವಾಯಿತು. ದೇಸಾಯಿ ಸೋತರೆ ಸೀಮೆ ಬಿಡಬೇಕು. ಸಾಬವ್ವ ಸೋತರೆ ಆಕೆ ಊರು ಬಿಡಬೇಕು, ಭರಮಪ್ಪ ಎಂದೆಂದಿಗೂ ಕಳ್ಳನಾಗಿ ಉಳಿಯಬೇಕು. ಆಕೆಗೆ ಊರಿನ ಚಿಂತೆ ಇರಲಿಲ್ಲ, ಗಂಡನ ಹೆಸರಿನ ಚಿಂತೆ ಇತ್ತು.

ದೇಸಾಯಿಯನ್ನು ಬಿಸಿಲಲ್ಲಿ ನಿಲ್ಲಿಸುವುದಾದರೂ ಹೇಗೆ ಎಂದು ಪಂಚರು ಗುಟ್ಟಾಗಿ ಕೂಡಿ ಮಾತಾಡಿಕೊಂಡರು. ಹಿರಿಯ ಪಂಚ ಗುರುಪಾದಪ್ಪ ಒಂದು ದಾರಿ ಹುಡುಕಿದ. ಬಂಡೆಯ ಮೇಲೆ ನಿಲ್ಲಬೇಕೆಂದು ಹಿರಿಯರು ಹೇಳಿದ್ದಾರೆ, ನೆರಳು ಇರಕೂಡದೆಂದು ಯಾರೂ ಹೇಳಿಲ್ಲವಲ್ಲ! ಕಲ್ಲುಕುಟಿಗರನ್ನು ಕರೆಸಿ ಬಂಡೆಯ ಪಡುವಣ ಭಾಗದಲ್ಲಿ ಕುಳಿ ಕೊರೆಸಿದರು, ಕಂಬ ನಿಲ್ಲಿಸಿ ಮೇಲೆ ತೆಂಗಿನ ಗರಿ ಹೊದಿಸಿದರು, ಕೆಳಗೆ ನೀರು ಚಿಮುಕಿಸಿದರು. ಮೂಡಣ ಭಾಗ ಇದ್ದಂತೆಯೇ ಇತ್ತು. ಅದು ಸಾಬವ್ವನ ಜಾಗ.

ಮಧ್ಯಾಹ್ನ ಇಬ್ಬರೂ ನಿಂತರು. ದೇಸಾಯಿ ತಂಪಿನಲ್ಲಿ ಎಲೆ ಅಡಿಕೆ ಮೆಲ್ಲುತ್ತ ಪಂಚರೊಡನೆ ಮಳೆ ಬೆಳೆಯ ಮಾತಾಡುತ್ತಿದ್ದ. ಸಾಬವ್ವನ ಅಂಗಾಲು ಬೊಬ್ಬೆಯೆದ್ದು ಒಡೆಯಿತು, ಆಕೆ ತುಟಿ ಕಚ್ಚಿ ನಿಂತಳು. ಹೊತ್ತು ಇಳಿದಂತೆ ಪಂಚರು ಎಣಿಸದೇ ಇದ್ದದ್ದು ನಡೆಯಿತು. ಸೂರ್ಯ ಪಡುವಣಕ್ಕೆ ಸರಿಯುತ್ತಾನೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ದೇಸಾಯಿಯ ಮುಖವನ್ನೇ ನೋಡುತ್ತ ಕೂತವರಿಗೆ ಆಕಾಶ ನೋಡಲು ಪುರುಸೊತ್ತಾಗಿರಲಿಲ್ಲ. ಹಂದರದ ನೆರಳು ಮೆಲ್ಲಗೆ ಮೂಡಣಕ್ಕೆ ಜಾರಿತು. ದೇಸಾಯಿಯ ಕಾಲಿಗೆ ಬಿಸಿಲು ತಾಗಿತು. ಅವನು ನೆರಳಿನ ಹಿಂದೆ ಒಂದು ಹೆಜ್ಜೆ ಸರಿದ. ಇನ್ನೊಂದು ಸರಿದ. ದನ ತಿರುಗುವ ಹೊತ್ತಿಗೆ ನೆರಳು ಸಾಬವ್ವನ ಮೇಲಿತ್ತು, ದೇಸಾಯಿ ಆಕೆಯ ಮಗ್ಗುಲಿಗೆ ಬಂದು ನಿಂತಿದ್ದ.

ಇಡೀ ಊರು ನೋಡಿತ್ತು. ಇನ್ನೇನು, ತೀರ್ಪು ಆಗಿಹೋಯಿತು ಎಂದು ಬಡವರು ಉಸಿರು ಬಿಟ್ಟರು. ಗುರುಪಾದಪ್ಪ ಎದ್ದು ಗಂಟಲು ಸರಿಮಾಡಿಕೊಂಡ.

"ದೇಸಾಯರು ಮೊದಲೂ ನೆರಳಾಗ ಇದ್ರು, ಈಗೂ ನೆರಳಾಗ ಅದಾರ. ಸರದದ್ದು ನೆರಳು, ಅವರಲ್ಲ. ಬಿಸಲಾಗ ನಿಂದರಬೇಕಾದ ಹೆಣ್ಮಗಳು ದೇಸಾಯರ ನೆರಳಾಗ ನಿಂತಾಳ. ಜಾಗಾ ಬಿಟ್ಟಾಕಿ ಆಕಿ."

ಸಾಬವ್ವ ಕಾಲೆತ್ತಿ ತೋರಿಸಿದಳು. ಚರ್ಮ ಬಂಡೆಗೇ ಅಂಟಿ ಉಳಿದಿತ್ತು.

"ನಾ ಎಲ್ಲಿ ನಿಂತಿದ್ದೆ ಅಂತ ಕಲ್ಲಿಗೆ ಗೊತ್ತೈತ್ರಿ, ಯಪ್ಪಾ. ನಿಮಗೂ ಗೊತ್ತೈತಿ."

ಪಂಚರಲ್ಲಿ ಒಬ್ಬನೂ ಮುಖ ಎತ್ತಲಿಲ್ಲ ಎನ್ನುತ್ತಾರೆ. ಎತ್ತಿದ್ದರೆ ತಾನೇ ಏನು, ತೀರ್ಪು ತೀರ್ಪೇ. ದೇಸಾಯಿಯ ಕಾಲು ನೊಂದಿತೆಂದು ಮೇಣೆಯಲ್ಲಿ ಮನೆಗೆ ಒಯ್ದು ಬೆಣ್ಣೆ ಸವರಿದರು. ಸಾಬವ್ವ ಅದೇ ಕಾಲಲ್ಲಿ ಊರು ಬಿಟ್ಟು ನಡೆದಳು, ಎಲ್ಲಿಗೆ ಹೋದಳೆಂದು ಯಾರೂ ಬಲ್ಲವರಿಲ್ಲ. ಬಂಡೆಯ ಮೇಲೆ ಮತ್ತೆ ಯಾರೂ ನ್ಯಾಯ ಕೇಳಲಿಲ್ಲ. ಊರವರು ಹೊಟ್ಟೆಯುರಿಗೆ ಅದನ್ನು ಹಂದರದ ಬಂಡೆ ಎಂದು ಆಡಿಕೊಳ್ಳತೊಡಗಿದರು. ದೇಸಾಯಿಯ ಮೊಮ್ಮಕ್ಕಳು ಆ ಬೈಗುಳಕ್ಕೂ ಅರಿಸಿನ ಹಚ್ಚಿ ದೇವರ ಮದುವೆ ಮಾಡಿಬಿಟ್ಟರು. ಇದಕ್ಕಿಂತ ಹೇಸಿಗೆ ಇನ್ನೇನಿದೆ?

ಇಂದು ಹೋದವರು ಪಡುವಣ ಭಾಗದಲ್ಲಿ ಅಂಗೈಯಗಲದ ಕುಳಿಗಳನ್ನು ನೋಡಬಹುದು. ಅಂಚು ಸವೆದಿವೆ, ಮಳೆಯಾದರೆ ನೀರು ನಿಲ್ಲುತ್ತದೆ, ಗುಬ್ಬಿಗಳು ಕುಡಿಯುತ್ತವೆ. ಅವುಗಳ ಪಕ್ಕದಲ್ಲಿ ಮಷಿನ್ನಿನಿಂದ ಕೊರೆದ ಹೊಸ ಕುಳಿಗಳೂ ಇವೆ. ಹೋದ ವರ್ಷ ದೊಡ್ಡವರೊಬ್ಬರು ಊರಿಗೆ ಅಹವಾಲು ಕೇಳಲು ಬಂದಾಗ ಶಾಮಿಯಾನ ಹಾಕಲು ಕೊರೆದದ್ದು. ಅರ್ಜಿ ಹಿಡಿದು ಬಂದವರನ್ನು ಮೂಡಣ ಭಾಗದಲ್ಲಿ ನಿಲ್ಲಿಸಿದ್ದರು.