ಬಿಳಿಯವ್ವನ ಗಿಡ್ಡ ಕುಚ್ಚು

ಲೋಕ ಇನ್ನೂ ಹೊಸ ಮಡಕೆಯ ವಾಸನೆ ಬೀರುತ್ತಿದ್ದ ಕಾಲ. ಆಗ ಮನುಷ್ಯರ ಮೈಯೇ ಒಂದು ಊರು, ರಕ್ತವೇ ಅದರ ಹೊಳೆ. ಎಲುಬಿನ ಒಳಮನೆಯಲ್ಲಿ ಮಜ್ಜವ್ವ ಮಗ್ಗ ಹೂಡಿ ಕೂತಿದ್ದಳು. ಊರು ಕಾಯುವ ಹೆಣ್ಣುಮಕ್ಕಳನ್ನು ಹೆರುವವಳೂ ಅವಳೇ, ಅವರಿಗೆ ಬಿಳಿ ಸೀರೆ ನೇಯುವವಳೂ ಅವಳೇ.

ಪ್ರತಿ ಸೆರಗಿಗೂ ಉದ್ದನೆಯ ಕುಚ್ಚು ಕಟ್ಟುತ್ತಿದ್ದಳು. ಕುಚ್ಚಿಲ್ಲದಿದ್ದರೆ ಸೆರಗಿನ ನೂಲು ಬಿಚ್ಚಿಕೊಳ್ಳುತ್ತದೆ, ಅಲ್ಲವೇ?

ವೈರಿ ಬಂದರೆ ಒಬ್ಬ ಕಾವಲುಗಾರ್ತಿ ಇಬ್ಬರಾಗುತ್ತಿದ್ದಳು. ಸೀರೆಯೂ ಎರಡಾಗುತ್ತಿತ್ತು. ಆದರೆ ಹಾಗೆ ಇಬ್ಬರಾದಾಗಲೆಲ್ಲ ಕುಚ್ಚು ಒಂದಿಷ್ಟು ಗಿಡ್ಡವಾಗುತ್ತಿತ್ತು.

"ಕುಚ್ಚು ತೀರಿದಾಕಿ ಈಟಿ ಇಟ್ಟು ಮನೀಗೆ ಬರಬೇಕು." ಇದು ಮಜ್ಜವ್ವನ ಕಟ್ಟಳೆ.

ಕಾವಲುಗಾರ್ತಿಯರಲ್ಲೆಲ್ಲ ಗಟ್ಟಿಗಿತ್ತಿ ಬಿಳಿಯವ್ವ. ನೆಗಡಿಯನ್ನು ಓಡಿಸಿದಳು, ಕುಚ್ಚು ಗಿಡ್ಡವಾಯಿತು. ಮುಳ್ಳು ತಂದ ಕೀವನ್ನು ಓಡಿಸಿದಳು, ಕುಚ್ಚು ಗಿಡ್ಡವಾಯಿತು. ಚಳಿಜ್ವರವನ್ನು ಓಡಿಸಿದಳು, ಕುಚ್ಚು ಉಗುರಿನಷ್ಟೇ ಉಳಿಯಿತು.

"ಬಿಳಿಯವ್ವಾ, ಸಾಕಾಗಲಿಲ್ಲೇನ? ಬಾ, ಮನೀಗೆ ಬಿಟ್ಟು ಬರ್ತೀನಿ" ಎಂದಿತು ಹೊಳೆ.

"ಕುಂತು ಉಣ್ಣಾಕಿ ನಾ ಅಲ್ಲ. ನೀ ನಿನ್ನ ಪಾಡಿಗೆ ಹರಿ!"

ಆ ಊರಲ್ಲಿ ಮನೆಯವರು ಯಾರು, ಹೊರಗಿನವರು ಯಾರು ಎಂದು ಸೆರಗಿನ ಅಂಚು ಮುಟ್ಟಿ ತಿಳಿಯುತ್ತಿದ್ದರು. ಬೆರಳಿನ ಕೀಲಿಗೆ ಎಣ್ಣೆ ಬಿಡುವ ಕೀಲವ್ವನದು ಗಂಟುಗಂಟಾದ ಅಂಚು. ಒಂದು ದಿನ ವೈರಿಯೊಬ್ಬ ಅಂಥದೇ ಅಂಚಿನ ಬಟ್ಟೆ ಹೊದ್ದು ನುಗ್ಗಿದ. ಬಿಳಿಯವ್ವ ಅವನನ್ನು ಅಟ್ಟಿದಳು. ಆದರೆ ಆಮೇಲೆ ಗಂಟಿನ ಅಂಚು ಬೆರಳಿಗೆ ತಾಗಿದರೆ ಸಾಕು, ಕೈ ಈಟಿಗೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಕೀಲವ್ವ ಎಣ್ಣೆಬಟ್ಟಲು ಹಿಡಿದು ಬಂದಳು. ಬಿಳಿಯವ್ವ ಅಂಚು ಮುಟ್ಟಿದಳು, ತಿವಿದೇಬಿಟ್ಟಳು.

"ವೈರಿ ಬಂದಾನ! ಬರ್ರೇ!"

"ಯಕ್ಕಾ, ನಾನು! ನಿನ್ನೆ ತಾನೇ ಎಣ್ಣಿ ಇಸ್ಕೊಂಡು ಹೋಗಿದ್ದಿಯಲ್ಲ!"

ಕೇಳುವವರು ಯಾರು? ಎಳೆಯ ಕಾವಲುಗಾರ್ತಿಯರೆಲ್ಲ ಓಡಿ ಬಂದರು. ಒಬ್ಬಳು ಇಬ್ಬರಾದಳು, ಇಬ್ಬರು ನಾಲ್ವರಾದರು. ನೂಕುನುಗ್ಗಲಿಗೆ ಕೀಲು ಊದಿತು, ಕೆಂಪಾಯಿತು, ಕಾದ ಹಂಚಿನಂತಾಯಿತು.

ಮಜ್ಜವ್ವ ಹೊಳೆ ಹಿಡಿದು ಬಂದಳು. ಬೈಯಲಿಲ್ಲ. ಎಲ್ಲರಿಗಿಂತ ಚಿಕ್ಕವಳ ಸೆರಗನ್ನು ಬಿಳಿಯವ್ವನ ಕೈಗಿಟ್ಟಳು. "ಮುಟ್ಟಿ ನೋಡು. ಈ ಕೂಸು ಹುಟ್ಟಿ ಮೂರು ದಿನ."

ಬಿಳಿಯವ್ವ ಮುಟ್ಟಿದಳು. ಕುಚ್ಚು ಉಗುರಿನಷ್ಟೇ ಇತ್ತು, ತನ್ನದರಷ್ಟೇ. ಮತ್ತೆ ಮತ್ತೆ ಇಬ್ಬರಾಗಿ ಮೂರು ದಿನದ ಕೂಸು ಮುದುಕಿಯಾಗಿತ್ತು. ಬಿಳಿಯವ್ವ ಮಜ್ಜವ್ವನ ಕಡೆ ತಿರುಗಿದಳು.

"ಇವರನ್ನ ಮನೀಗೆ ಕರ್ಕೊಂಡು ಹೋಗವ್ವಾ."

"ಮತ್ತ ನೀ?"

"ನಾ ಬರಂಗಿಲ್ಲ. ಈಟಿ ಕೆಳಗಿಡ್ತೀನಿ, ಇಲ್ಲೇ ಕೀಲಿನ ಬಾಗಿಲದಾಗ ಕೂಡ್ತೀನಿ. ನಾ ಕಾಯ್ದ ಊರು ಇದು."

ಕೀಲವ್ವ ಗಾಯ ಒರೆಸಿಕೊಳ್ಳುತ್ತ ಅಂದಳು: "ಕೂಡು ಯಕ್ಕಾ. ಆದ್ರ ಕೈ ಕಟ್ಕೊಂಡು ಕೂಡು!"

ಬಿಳಿಯವ್ವ ಕೂತಳು. ಆದರೂ ಹಳೆಯ ರೂಢಿ ಬಿಟ್ಟೀತೆ? ನಸುಕಿನಲ್ಲಿ ಎಚ್ಚರಾದೊಡನೆ ಕೈ ಈಟಿ ಹುಡುಕಿ ಎತ್ತಿಕೊಳ್ಳುತ್ತದೆ. ಮೈ ಬೆಚ್ಚಗಾದ ಮೇಲೆ ತನ್ನ ಗಿಡ್ಡ ಕುಚ್ಚು ಮುಟ್ಟಿಕೊಳ್ಳುತ್ತಾಳೆ, ಆ ಕೂಸಿನ ನೆನಪಾಗುತ್ತದೆ, ಈಟಿ ಕೆಳಗಿಡುತ್ತಾಳೆ.

ಅದಕ್ಕೇ ಮಗೂ, ಇಂದಿಗೂ ಕೆಲವು ಅಜ್ಜಿಯರ ಬೆರಳಗೆಣ್ಣು ಬೆಳಗಾದರೆ ಊದಿ ಬಿಗಿದಿರುತ್ತದೆ, ಬಿಸಿ ಚಹಾದ ಲೋಟ ಹಿಡಿದ ಮೇಲೆ ಮೆಲ್ಲಗೆ ಸಡಿಲಾಗುತ್ತದೆ: ಊರು ಕಾಯ್ದ ಬಿಳಿಯವ್ವ ಅಲ್ಲಿ ತಲೆಯೆತ್ತಿ ಕೂತಿದ್ದಾಳೆ, ಇನ್ನೂ ಮನೆಗೆ ಹೋಗಿಲ್ಲ.